ಹೆಜ್ಜೆ ತಪ್ಪುವ ಮೋಟಾರು

ತೇಗದ ಹಲಗೆಯೊಂದರ ಮೇಲೆ ಶಾಲೆಯ ಹೆಸರನ್ನು ಕೆತ್ತುವ ಕೆಲಸ ನಡೆದಿದೆ ಎಂದು ಭಾವಿಸೋಣ. ಕೆತ್ತುತ್ತಿರುವುದು ಮನುಷ್ಯನ ಕೈಯಲ್ಲ. ವಿದ್ಯಾರ್ಥಿಯೊಬ್ಬನು ತಿಂಗಳುಗಟ್ಟಲೆ ಹಣ ಕೂಡಿಟ್ಟು, ಬಿಡಿಭಾಗಗಳನ್ನು ತರಿಸಿ, ತಾನೇ ಜೋಡಿಸಿಕೊಂಡ ಸಣ್ಣ ಸಿ.ಎನ್.ಸಿ. ಯಂತ್ರ. ಗಣಕದಿಂದ ಬರುವ ಸಂಖ್ಯೆಗಳ ಆಜ್ಞೆಯಂತೆ ಅದರ ಬಿಟ್, ಎಂದರೆ ಗಿರ್ರನೆ ತಿರುಗುವ ಉಳಿ, ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ, ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಮೊದಲ ನಾಲ್ಕು ಅಕ್ಷರಗಳು ಅಚ್ಚೊತ್ತಿದಂತೆ ಮೂಡಿದವು. ಐದನೆಯದರ ಕಡೆಗೆ ಸಾಗುವಾಗ ‘ಗರ್ರ್’ ಎಂಬ ಸದ್ದು ಒಂದು ಕ್ಷಣ ಕೇಳಿಸಿತು. ಯಂತ್ರ ನಿಲ್ಲಲಿಲ್ಲ, ಏನೂ ಆಗಿಲ್ಲವೆಂಬಂತೆ ಕೆಲಸವನ್ನು ಮುಂದುವರಿಸಿತು. ಆದರೆ ಅಲ್ಲಿಂದ ಮುಂದಿನ ಅಕ್ಷರಗಳೆಲ್ಲವೂ ಮೂರು ಮಿಲಿಮೀಟರಿನಷ್ಟು ಎಡಕ್ಕೆ ಸರಿದಿದ್ದವು. ಸಾಲು ಮುಗಿದ ಮೇಲೆ ಕೊನೆಯಲ್ಲಿ ಕೆತ್ತಿದ ಒತ್ತಕ್ಷರಗಳು ತಮ್ಮ ಅಕ್ಷರಗಳ ಕೆಳಗೆ ನಿಲ್ಲದೆ ಪಕ್ಕಕ್ಕೆ ಜರುಗಿ ನಿಂತವು. ಹಲಗೆ ವ್ಯರ್ಥವಾಯಿತು.

ಇಂಥ ಸಂದರ್ಭದಲ್ಲಿ ಅನೇಕರು ಮಾಡುವ ಮೊದಲ ಕೆಲಸವೆಂದರೆ ಮೋಟಾರಿಗೆ ಇನ್ನಷ್ಟು ವಿದ್ಯುತ್ ಪ್ರವಾಹವನ್ನು ಹರಿಸುವುದು. ಬಲ ಸಾಲದೆ ಮೋಟಾರು ತಡೆದು ನಿಂತಿತು, ಆದುದರಿಂದ ಬಲವನ್ನು ಹೆಚ್ಚಿಸಬೇಕು ಎಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದು ಎಷ್ಟೋ ಸಲ ದೋಷವನ್ನು ಗುಣಪಡಿಸುವುದಿಲ್ಲ. ಕೆಲವು ವೇಳೆ ಮೋಟಾರನ್ನು ನಡೆಸುವ ವಿದ್ಯುನ್ಮಂಡಲವನ್ನೇ ಸುಟ್ಟುಹಾಕುತ್ತದೆ. ಮೋಟಾರು ಯಾವಾಗ ತಡೆಯಿತು, ಎಷ್ಟು ಹಿಂದುಳಿಯಿತು, ಯಾವುದನ್ನು ಬದಲಾಯಿಸಿದಾಗ ಸರಿಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ದೋಷದ ಸ್ಥಾನವನ್ನು ಗುರುತಿಸುವುದು ಕಷ್ಟವಲ್ಲ. ಆ ಉತ್ತರಗಳ ಹಿಂದಿರುವ ಭೌತವಿಜ್ಞಾನವನ್ನು ಇಲ್ಲಿ ಪರಿಶೀಲಿಸೋಣ.

ಕಣ್ಣು ಕಟ್ಟಿಕೊಂಡ ನಡಿಗೆ

ಸಂಖ್ಯೆಗಳ ಆಜ್ಞೆಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ೧೯೫೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಪ್ರದರ್ಶಿಸಿದರು. ರಂಧ್ರಗಳನ್ನು ಹೊಡೆದ ಕಾಗದದ ಪಟ್ಟಿಯಿಂದ ಅದು ಆಜ್ಞೆಗಳನ್ನು ಓದುತ್ತಿತ್ತು. ಇಂದಿನ ಕಾರ್ಖಾನೆಗಳ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಸರ್ವೋ ಮೋಟಾರುಗಳಿರುತ್ತವೆ. ಮೋಟಾರು ನಿಜವಾಗಿ ಎಷ್ಟು ತಿರುಗಿತು ಎಂಬುದನ್ನು ಅಳೆಯುವ ಸಾಧನವೊಂದು ಅದರ ಬೆನ್ನಿಗೇ ಇದ್ದು, ಆಜ್ಞೆಗೂ ಚಲನೆಗೂ ಅಂತರ ಕಂಡುಬಂದರೆ ಕೂಡಲೇ ತಿದ್ದುತ್ತದೆ.

ಹವ್ಯಾಸಿಯ ಯಂತ್ರದಲ್ಲಿ ಬಹುಮಟ್ಟಿಗೆ ಈ ಏರ್ಪಾಡಿಲ್ಲ. ಅಲ್ಲಿರುವುದು ಸ್ಟೆಪ್ಪರ್ ಮೋಟಾರು, ಎಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು. ನಿಯಂತ್ರಕವು ಒಂದು ವಿದ್ಯುತ್ ಸ್ಪಂದವನ್ನು ಕಳುಹಿಸಿದರೆ ಮೋಟಾರು ಒಂದು ಹೆಜ್ಜೆ ಇಡಬೇಕು. ಸಾವಿರ ಸ್ಪಂದಗಳಿಗೆ ಸಾವಿರ ಹೆಜ್ಜೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹೆಜ್ಜೆಗಳನ್ನು ಎಣಿಸುತ್ತ ಅಂಗಳವನ್ನು ದಾಟುವ ಹುಡುಗನಿಗೆ ಇದನ್ನು ಹೋಲಿಸಬಹುದು. ಎಡವದಿದ್ದರೆ ಅವನು ಸರಿಯಾದ ಜಾಗವನ್ನೇ ಮುಟ್ಟುತ್ತಾನೆ. ನಡುವೆ ಯಾರಾದರೂ ಅವನನ್ನು ಪಕ್ಕಕ್ಕೆ ತಳ್ಳಿದರೆ ಎಣಿಕೆ ತಪ್ಪದಿದ್ದರೂ ಸ್ಥಳ ತಪ್ಪುತ್ತದೆ. ನಮ್ಮ ಹಲಗೆಯ ಮೇಲೆ ಆದದ್ದೂ ಇದೇ.

ಹಲ್ಲುಗಳ ಲೆಕ್ಕ

ಈ ಮೋಟಾರಿನ ಒಳಗೆ ತಿರುಗುವ ಭಾಗಕ್ಕೆ ರೋಟರ್ ಎಂದು ಹೆಸರು. ಅದರ ಮಧ್ಯದಲ್ಲಿ ಒಂದು ಶಾಶ್ವತ ಅಯಸ್ಕಾಂತವಿದೆ. ಅಯಸ್ಕಾಂತದ ಎರಡು ತುದಿಗಳಿಗೂ ಅಂಚಿನಲ್ಲಿ ೫೦ ಹಲ್ಲುಗಳಿರುವ ಉಕ್ಕಿನ ಬಿಲ್ಲೆಗಳನ್ನು ತೊಡಿಸಿರುತ್ತಾರೆ. ಸುತ್ತಲೂ ನಿಶ್ಚಲವಾಗಿ ನಿಂತ ಭಾಗದಲ್ಲಿ ಎರಡು ಗುಂಪು ತಂತಿಸುರುಳಿಗಳಿವೆ. ಸುರುಳಿಗಳಲ್ಲಿ ಪ್ರವಾಹದ ದಿಕ್ಕನ್ನು ಸರದಿಯಂತೆ ನಾಲ್ಕು ಸಲ ಬದಲಾಯಿಸಿದರೆ ರೋಟರ್ ಒಂದು ಹಲ್ಲಿನಷ್ಟು ಮುಂದೆ ಸರಿಯುತ್ತದೆ. ೫೦ ಹಲ್ಲುಗಳಿಗೆ ನಾಲ್ಕರಂತೆ ಒಂದು ಸುತ್ತಿಗೆ ೨೦೦ ಹೆಜ್ಜೆಗಳು. ಒಂದು ಹೆಜ್ಜೆಗೆ ೧.೮ ಡಿಗ್ರಿ.

ರೋಟರನ್ನು ಅಯಸ್ಕಾಂತ ಕ್ಷೇತ್ರವು ಹಿಡಿದಿರುವ ರೀತಿ ಒಂದು ಸ್ಪ್ರಿಂಗಿನ ಹಿಡಿತದಂತಿದೆ. ಹೊರೆ ಬಿದ್ದಾಗ ರೋಟರ್ ಸ್ವಲ್ಪ ಹಿಂದುಳಿಯುತ್ತದೆ. ಹಿಂದುಳಿದಷ್ಟೂ ಕ್ಷೇತ್ರವು ಅದನ್ನು ಹೆಚ್ಚು ಬಲವಾಗಿ ಮುಂದಕ್ಕೆಳೆಯುತ್ತದೆ. ಆದರೆ ಇದಕ್ಕೆ ಮಿತಿಯುಂಟು. ಅಂತರವು ಒಂದು ಪೂರ್ಣ ಹೆಜ್ಜೆಯನ್ನು, ಎಂದರೆ ೧.೮ ಡಿಗ್ರಿಯನ್ನು ಮುಟ್ಟಿದಾಗ ಸೆಳೆತವು ಪರಮಾವಧಿಗೇರಿ, ಅನಂತರ ಕುಗ್ಗತೊಡಗುತ್ತದೆ. ೩.೬ ಡಿಗ್ರಿಯನ್ನು ಮೀರಿದರೆ ಮೊದಲು ಹಿಡಿದಿದ್ದ ಹಲ್ಲಿನ ಹಿಡಿತ ತಪ್ಪಿಹೋಗುತ್ತದೆ. ಪಕ್ಕದ ಹಲ್ಲು ಆ ಸ್ಥಾನಕ್ಕೆ ಸೆಳೆಯಲ್ಪಡುತ್ತದೆ. ವೇಗದಲ್ಲಿ ಹೀಗಾದರೆ ಒಂದು ಹಲ್ಲಿಗೇ ನಿಲ್ಲದೆ ಹತ್ತಾರು ಹಲ್ಲುಗಳು ಒಂದರ ಹಿಂದೊಂದು ಜಾರುತ್ತವೆ. ನಾವು ಕೇಳಿದ ‘ಗರ್ರ್’ ಎಂಬ ಸದ್ದು ಅದೇ.

ಇದರಿಂದ ನಮಗೊಂದು ಬೆಲೆಯುಳ್ಳ ಸುಳಿವು ಸಿಗುತ್ತದೆ. ತಡೆದು ನಿಂತ ಮೋಟಾರು ಕಳೆದುಕೊಳ್ಳುವುದು ಯಾವಾಗಲೂ ಇಡೀ ಹಲ್ಲುಗಳನ್ನೇ. ಎಂದರೆ ನಾಲ್ಕು, ಎಂಟು, ಹನ್ನೆರಡು ಹೀಗೆ ನಾಲ್ಕರ ಗುಣಕಗಳಷ್ಟು ಹೆಜ್ಜೆಗಳನ್ನು. ಒಂದು ಸುತ್ತಿಗೆ ೮ ಮಿ.ಮೀ. ಮುಂದೊಯ್ಯುವ ಲೀಡ್ ಸ್ಕ್ರೂ, ಎಂದರೆ ತಿರುಪಿನ ಸರಳು, ಯಂತ್ರದಲ್ಲಿದ್ದರೆ ಒಂದು ಹಲ್ಲಿನ ಜಾರುವಿಕೆಯು ೮ನ್ನು ೫೦ರಿಂದ ಭಾಗಿಸಿದಷ್ಟು, ಎಂದರೆ ೦.೧೬ ಮಿ.ಮೀ. ಆಗುತ್ತದೆ. ಒಂದು ಸುತ್ತಿಗೆ ೪೦ ಮಿ.ಮೀ. ಸಾಗಿಸುವ ಬೆಲ್ಟಿನ ಯಂತ್ರದಲ್ಲಿ ಅದು ೦.೮ ಮಿ.ಮೀ.

ಈಗ ಹಲಗೆಯಿಲ್ಲದೆ, ಬಿಟ್ ಇಲ್ಲದೆ, ಬರಿಯ ಗಾಳಿಯಲ್ಲಿ ಯಂತ್ರವನ್ನು ಓಡಿಸಿ ನೋಡೋಣ. ಡಯಲ್ ಗೇಜಿನ ಮೊನೆಗೆ ಯಂತ್ರದ ಚಲಿಸುವ ಭಾಗವನ್ನು ತಾಗಿಸಿ, ಮುಳ್ಳನ್ನು ಸೊನ್ನೆಗೆ ಹೊಂದಿಸಬೇಕು. ಅನಂತರ ೧೦೦ ಮಿ.ಮೀ. ದೂರ ಹೋಗಿ ಮರಳುವಂತೆ ೫೦ ಸಲ ಓಡಿಸಿ, ಮುಳ್ಳನ್ನು ಓದಬೇಕು. ನಟ್ಟಿನಲ್ಲಿರುವ ಸಡಿಲು ಅಳತೆಯನ್ನು ಕೆಡಿಸದಂತೆ ಪ್ರತಿಸಲವೂ ಒಂದೇ ಕಡೆಯಿಂದ ಬಂದು ಗೇಜನ್ನು ಮುಟ್ಟುವುದು ಅವಶ್ಯ. ತಿರುಪಿನ ಯಂತ್ರದಲ್ಲಿ ವ್ಯತ್ಯಾಸವು ೦.೧೬, ೦.೩೨, ೦.೪೮ ಹೀಗೆ ಬಂದರೆ ಮೋಟಾರು ತಡೆದಿದೆ ಎಂದು ತಿಳಿಯಬೇಕು.

ಈ ಗುಣಕಕ್ಕೆ ಹೊಂದದ ವ್ಯತ್ಯಾಸ ಬಂದರೆ ಮೋಟಾರನ್ನು ದೂರುವುದು ತಪ್ಪು. ಮೋಟಾರಿನ ಅಚ್ಚನ್ನು ತಿರುಪಿಗೆ ಜೋಡಿಸುವ ಕಪ್ಲಿಂಗ್ ಜಾರುತ್ತಿರಬಹುದು. ಅಚ್ಚಿನ ಮೇಲೂ ಕಪ್ಲಿಂಗಿನ ಮೇಲೂ ಹಾಯುವಂತೆ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ ಸಾಕು. ಓಟದ ಕೊನೆಯಲ್ಲಿ ಗೆರೆ ಮುರಿದಿದ್ದರೆ ಕಳ್ಳ ಸಿಕ್ಕಿದಂತೆಯೇ. ದಿಕ್ಕು ಬದಲಾದಾಗಲೆಲ್ಲ ತುಸುತುಸುವೇ ಒಂದೇ ಕಡೆಗೆ ಜರುಗುತ್ತ ಹೋದರೆ, ದಿಕ್ಕನ್ನು ತಿಳಿಸುವ ಸಂಕೇತಕ್ಕೂ ಹೆಜ್ಜೆಯ ಸಂಕೇತಕ್ಕೂ ನಡುವಣ ಕಾಲಾವಕಾಶ ಹೊಂದಿಲ್ಲವೆಂದು ಅರ್ಥ. ೧೦೦ ಮಿ.ಮೀ. ಕೇಳಿದರೆ ೯೮ ಮಾತ್ರ ಸಾಗಿ, ಮರಳಿದಾಗ ಸರಿಯಾಗಿ ಸೊನ್ನೆಗೇ ಬಂದರೆ ಯಾವ ಹೆಜ್ಜೆಯೂ ತಪ್ಪಿಲ್ಲ. ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂಬ ಲೆಕ್ಕವನ್ನು ನಿಯಂತ್ರಕಕ್ಕೆ ತಪ್ಪಾಗಿ ಕೊಟ್ಟಿರುತ್ತೇವೆ.

ವೇಗ ಹೆಚ್ಚಿದಂತೆ ಬಲ ಕುಗ್ಗುವುದೇಕೆ?

ಮೋಟಾರು ನಿಜವಾಗಿಯೂ ತಡೆದಿದೆ ಎಂದು ಖಚಿತವಾದ ಮೇಲೆ ಕಾರಣವನ್ನು ಹುಡುಕಬೇಕು. ಕೆತ್ತುವಾಗ ಮರ ಗಟ್ಟಿಯಾಗಿದ್ದುದರಿಂದ ಮೋಟಾರು ತಡೆಯಿತೆಂದು ಹೇಳುವುದು ವಾಡಿಕೆ. ಆದರೆ ಗಮನವಿಟ್ಟು ನೋಡಿದರೆ, ಒಂದು ಅಕ್ಷರದಿಂದ ಮತ್ತೊಂದಕ್ಕೆ ಬಿಟ್ಟನ್ನು ಮೇಲೆತ್ತಿಕೊಂಡು ಓಡುವಾಗಲೇ ಅದು ಹಲವು ಸಲ ತಡೆಯುವುದು ಕಂಡುಬರುತ್ತದೆ. ಆಗ ಮರದ ಸೋಂಕೂ ಇರುವುದಿಲ್ಲ. ಆದರೆ ಯಂತ್ರವು ತನ್ನ ಗರಿಷ್ಠ ವೇಗದಲ್ಲಿ ಓಡುವುದು ಆಗಲೇ.

ಸಣ್ಣ ಯಂತ್ರಗಳಲ್ಲಿ ಬಳಸುವ, ೪೨ ಮಿ.ಮೀ. ಚೌಕದ ಮುಖವುಳ್ಳ ಒಂದು ಸಾಮಾನ್ಯ ಮೋಟಾರನ್ನು ತೆಗೆದುಕೊಳ್ಳೋಣ. ಅದರ ಸುರುಳಿಗೆ ೧.೭ ಆಂಪಿಯರ್ ಪ್ರವಾಹ ಬೇಕು, ರೋಧ ೧.೫ ಓಮ್; ಸ್ವಪ್ರೇರಣೆ ೨.೮ ಮಿಲಿಹೆನ್ರಿ. ನಿಂತಲ್ಲಿ ಅದರ ಹಿಡಿತ, ಎಂದರೆ ಟಾರ್ಕ್ ಎಂದು ಕರೆಯುವ ತಿರುಗುಬಲ, ಸುಮಾರು ೦.೪ ನ್ಯೂಟನ್ ಮೀಟರ್. ಓಮನ ನಿಯಮದಂತೆ ೧.೭ ಆಂಪಿಯರ್ ಹರಿಸಲು ೨.೫೫ ವೋಲ್ಟ್ ಸಾಕು. ಹಾಗಿದ್ದರೆ ಈ ಮೋಟಾರಿಗೆ ೧೨ ಅಥವಾ ೨೪ ವೋಲ್ಟನ್ನು ಏಕೆ ಕೊಡುತ್ತಾರೆ? ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆಯಿದು.

ಸುರುಳಿಯಲ್ಲಿ ಪ್ರವಾಹವು ಥಟ್ಟನೆ ಹುಟ್ಟುವುದಿಲ್ಲ, ಥಟ್ಟನೆ ಅಳಿಯುವುದೂ ಇಲ್ಲ. ಸ್ವಪ್ರೇರಣೆಯು ಪ್ರತಿಯೊಂದು ಬದಲಾವಣೆಯನ್ನೂ ಎದುರಿಸುತ್ತದೆ. ನಲ್ಲಿಯ ಕೆಳಗಿಟ್ಟ ಕೊಡ ತುಂಬಲು ಕಾಲ ಹಿಡಿಯುವಂತೆ ಇಲ್ಲಿಯೂ ಕಾಲ ಹಿಡಿಯುತ್ತದೆ; ಹೆಚ್ಚಿನ ವೋಲ್ಟೇಜು ರಭಸದ ನಲ್ಲಿಯಂತೆ. ಕೊಡ ತುಂಬಿದ ಮೇಲೆ ಉಕ್ಕಿ ಹರಿಯದಂತೆ ನೋಡಿಕೊಳ್ಳುವ ಕೆಲಸ ಡ್ರೈವರ್ ಎಂಬ ಚಾಲಕ ಮಂಡಲದ್ದು. ಪ್ರವಾಹವು ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದೊಡನೆ ಅದು ವಿದ್ಯುತ್ತನ್ನು ಕತ್ತರಿಸಿ, ಮತ್ತೆ ಕೊಟ್ಟು, ಪ್ರವಾಹವನ್ನು ಅದೇ ಮಟ್ಟದಲ್ಲಿ ನಿಲ್ಲಿಸುತ್ತದೆ.

ಲೆಕ್ಕವನ್ನು ನೋಡೋಣ. ಮೋಟಾರು ಮಿನಿಟಿಗೆ ೬೦೦ ಸುತ್ತು ತಿರುಗುವಾಗ ಸೆಕೆಂಡಿಗೆ ೨೦೦೦ ಹೆಜ್ಜೆಗಳಾಗುತ್ತವೆ. ಪ್ರತಿ ಎರಡು ಹೆಜ್ಜೆಗೊಮ್ಮೆ ಒಂದೊಂದು ಸುರುಳಿಯಲ್ಲಿಯೂ ಪ್ರವಾಹ ದಿಕ್ಕು ಬದಲಾಯಿಸಬೇಕು. ಇದಕ್ಕೆ ದೊರೆಯುವ ಕಾಲ ಒಂದು ಮಿಲಿಸೆಕೆಂಡು. ಮೇಲೆ ಹೇಳಿದ ಸುರುಳಿಯಲ್ಲಿ ಪ್ರವಾಹವು ಒಂದು ದಿಕ್ಕಿನ ೧.೭ ಆಂಪಿಯರಿನಿಂದ ಎದುರು ದಿಕ್ಕಿನ ೧.೭ ಆಂಪಿಯರಿಗೆ ತಿರುಗಲು ೧೨ ವೋಲ್ಟಿನಲ್ಲಿ ಸುಮಾರು ೦.೮ ಮಿಲಿಸೆಕೆಂಡು ಬೇಕು. ದೊರೆತ ಕಾಲವೆಲ್ಲವೂ ಪ್ರವಾಹವನ್ನು ತಿರುಗಿಸುವುದರಲ್ಲಿಯೇ ಕಳೆದುಹೋಯಿತು. ಎಳೆಯುವ ಕೆಲಸಕ್ಕೆ ಉಳಿದದ್ದು ಅತ್ಯಲ್ಪ. ೨೪ ವೋಲ್ಟಿನಲ್ಲಿ ಇದೇ ಕೆಲಸ ೦.೪ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಇಷ್ಟು ಸಾಲದೆಂಬಂತೆ, ತಿರುಗುತ್ತಿರುವ ಅಯಸ್ಕಾಂತವು ಸುರುಳಿಗಳಲ್ಲಿ ಒಂದು ವಿರುದ್ಧ ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಅದು ಹೆಚ್ಚಿ, ನಾವು ಕೊಟ್ಟ ವೋಲ್ಟೇಜಿನ ಒಂದು ಭಾಗವನ್ನು ನುಂಗಿಹಾಕುತ್ತದೆ.

ಪ್ರವಾಹದ ಮಿತಿಯನ್ನು ಹೆಚ್ಚಿಸಿದರೂ ವೇಗದಲ್ಲಿ ತಡೆಯುವ ಮೋಟಾರು ಸರಿಹೋಗುವುದಿಲ್ಲವೇಕೆ ಎಂಬುದು ಈಗ ಸ್ಪಷ್ಟ. ಅಲ್ಲಿ ಪ್ರವಾಹವು ಹಳೆಯ ಮಿತಿಯನ್ನೇ ಮುಟ್ಟುತ್ತಿರಲಿಲ್ಲ. ಸಣ್ಣ ಕೊಡವೇ ತುಂಬದಿರುವಾಗ ದೊಡ್ಡ ಕೊಡವನ್ನಿಟ್ಟು ಫಲವೇನು? ಬೇಕಾದದ್ದು ಡ್ರೈವರು ತಾಳಬಲ್ಲ ಮಟ್ಟಿಗೆ ಹೆಚ್ಚಿನ ವೋಲ್ಟೇಜು, ಇಲ್ಲವೆ ಕಡಮೆ ವೇಗ.

ವೇಗೋತ್ಕರ್ಷ ಮತ್ತು ಅನುರಣನ

ನಿಂತ ಮೋಟಾರಿಗೆ ಒಮ್ಮೆಗೇ ಸೆಕೆಂಡಿಗೆ ೨೦೦೦ ಹೆಜ್ಜೆಯ ಆಜ್ಞೆ ಕೊಟ್ಟರೆ ಅದು ಮುಂದೆ ಸಾಗದೆ ನಿಂತಲ್ಲೇ ಗುಂಯ್‌ಗುಡುತ್ತದೆ. ರೋಟರಿಗೂ ಅದು ಎಳೆಯುವ ಹೊರೆಗೂ ಜಡತ್ವವಿರುವುದರಿಂದ ವೇಗವನ್ನು ಕ್ರಮವಾಗಿ ಏರಿಸಬೇಕು. ಈ ವೇಗೋತ್ಕರ್ಷಕ್ಕೆ ಬೇಕಾಗುವ ಬಲ ಯಂತ್ರದಿಂದ ಯಂತ್ರಕ್ಕೆ ಭಿನ್ನವಾಗಿರುತ್ತದೆ. ೪ ಕಿಲೋಗ್ರಾಂ ತೂಕದ ಭಾಗವನ್ನು ಸೆಕೆಂಡಿನ ವರ್ಗಕ್ಕೆ ೫೦೦ ಮಿ.ಮೀ. ವೇಗೋತ್ಕರ್ಷದಿಂದ ತಳ್ಳಲು ೨ ನ್ಯೂಟನ್ ಬಲ ಬೇಕು. ೮ ಮಿ.ಮೀ. ಮುನ್ನಡೆಯ ತಿರುಪಿನಲ್ಲಿ, ಘರ್ಷಣೆಯನ್ನು ಬಿಟ್ಟರೆ, ಇದಕ್ಕೆ ಸಾಕಾಗುವ ತಿರುಗುಬಲ ೦.೦೦೨೫ ನ್ಯೂಟನ್ ಮೀಟರ್ ಮಾತ್ರ. ಮೋಟಾರಿನ ಹಿಡಿತದಲ್ಲಿ ನೂರರಲ್ಲೊಂದು ಪಾಲೂ ಅಲ್ಲ. ೪೦ ಮಿ.ಮೀ. ಮುನ್ನಡೆಯ ಬೆಲ್ಟಿನಲ್ಲಿ ಅದರ ಐದು ಪಟ್ಟು ಬೇಕು. ಆದುದರಿಂದ ಬೆಲ್ಟಿನ ಯಂತ್ರ ತಡೆದಾಗ ವೇಗೋತ್ಕರ್ಷವನ್ನು ಮೊದಲು ಸಂದೇಹಿಸುವುದು ಯುಕ್ತ. ತಿರುಪಿನ ಯಂತ್ರ ತಡೆದಾಗ ಮಿತಿಮೀರಿದ ವೇಗವನ್ನೂ ಘರ್ಷಣೆಯನ್ನೂ ಮೊದಲು ಸಂದೇಹಿಸಬೇಕು.

ಇನ್ನೊಂದು ವಿಚಿತ್ರ ಸನ್ನಿವೇಶವುಂಟು. ಕಡಮೆ ವೇಗದಲ್ಲಿ ಮೋಟಾರು ಚೆನ್ನಾಗಿ ಓಡುತ್ತದೆ, ಹೆಚ್ಚಿನ ವೇಗದಲ್ಲಿಯೂ ಓಡುತ್ತದೆ. ನಡುವಣ ಒಂದು ವೇಗದಲ್ಲಿ ಮಾತ್ರ ಅಬ್ಬರಿಸಿ ತಡೆಯುತ್ತದೆ. ಅಯಸ್ಕಾಂತದ ಹಿಡಿತ ಸ್ಪ್ರಿಂಗಿನಂತೆ ಎಂದು ಹಿಂದೆ ಹೇಳಿದೆವಷ್ಟೆ. ಸ್ಪ್ರಿಂಗಿಗೆ ಕಟ್ಟಿದ ತೂಕಕ್ಕೆ ಸಹಜವಾದ ಕಂಪನಸಂಖ್ಯೆಯಿರುವಂತೆ ರೋಟರಿಗೂ ಇದೆ. ಹೆಜ್ಜೆಗಳ ತಾಳ ಅದಕ್ಕೆ ಕೂಡಿಬಂದಾಗ, ಉಯ್ಯಾಲೆಯನ್ನು ಹದವರಿತು ನೂಕಿದಂತೆ, ತೂಗಾಟ ಬೆಳೆಯುತ್ತ ಹೋಗಿ ಹಲ್ಲು ಜಾರುತ್ತದೆ. ಇದು ಅನುರಣನ. ಪ್ರತಿಯೊಂದು ಹೆಜ್ಜೆಯನ್ನೂ ೮ ಅಥವಾ ೧೬ ಸೂಕ್ಷ್ಮ ಹೆಜ್ಜೆಗಳಾಗಿ ಒಡೆದರೆ ನೂಕುಗಳು ನಯವಾಗಿ, ತೂಗಾಟ ತಗ್ಗುತ್ತದೆ.

ಆದರೆ ಸೂಕ್ಷ್ಮ ಹೆಜ್ಜೆಗಳನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ. ೧೬ರಂತೆ ಒಡೆದಾಗ ಮಿನಿಟಿಗೆ ೩೦೦ ಸುತ್ತಿಗೆ ಸೆಕೆಂಡಿಗೆ ೧೬,೦೦೦ ಸ್ಪಂದಗಳು ಬೇಕು. ೩೨ರಂತೆ ಒಡೆದರೆ ೩೨,೦೦೦. ಆರ್ಡುಯಿನೋ ಊನೋ ಹಲಗೆಯ ಮೇಲೆ ನಡೆಯುವ, ಹವ್ಯಾಸಿಗಳಲ್ಲಿ ಪ್ರಚಾರದಲ್ಲಿರುವ ಜಿಆರ್‌ಬಿಎಲ್ ನಿಯಂತ್ರಕವು ಸ್ಥಿರವಾಗಿ ಕೊಡಬಲ್ಲ ಸ್ಪಂದಗಳು ಸೆಕೆಂಡಿಗೆ ಸುಮಾರು ೩೦,೦೦೦. ಅದನ್ನು ಮೀರಿ ಕೇಳಿದರೆ ದೋಷ ಮೋಟಾರಿನದಲ್ಲ, ಕೇಳಿದವನದು.

ಪರೀಕ್ಷೆಯ ಕ್ರಮ

ಇಷ್ಟನ್ನು ತಿಳಿದ ಮೇಲೆ ಕ್ರಮವಾಗಿ ಪರೀಕ್ಷಿಸಬಹುದು. ಮೊದಲು ವಿದ್ಯುತ್ತನ್ನು ಪೂರ್ತಿಯಾಗಿ ನಿಲ್ಲಿಸಿ, ತಿರುಪನ್ನು ಕೈಯಿಂದ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ ನೋಡಬೇಕು. ರಭಸದಿಂದ ತಿರುಗಿಸಿದರೆ ಮೋಟಾರು ಜನಕಯಂತ್ರವಾಗಿ ಡ್ರೈವರಿನತ್ತ ವಿದ್ಯುತ್ತನ್ನು ನೂಕುತ್ತದೆ. ಕೊನೆಗಳ ಬಳಿ ಮಾತ್ರ ಬಿಗಿಯಾದರೆ ತಿರುಪೂ ಜಾರುಸರಳುಗಳೂ ಸಮಾಂತರವಾಗಿಲ್ಲ. ಎಲ್ಲೆಡೆಯೂ ಬಿಗಿಯಾದರೆ ನಟ್ಟು ಅತಿಯಾಗಿ ಬಿಗಿದಿದೆ, ಇಲ್ಲವೆ ಮರದ ಹೊಟ್ಟು ಸೇರಿಕೊಂಡಿದೆ. ಮೇಲೆ ಕೆಳಗೆ ಚಲಿಸುವ ಭಾಗವು ಏರುವಾಗ ಮಾತ್ರ ತಡೆದರೆ ಅದು ಹೊತ್ತಿರುವ ತೂಕವೇ ಕಾರಣವಾಗಿರಬಹುದು.

ಎರಡನೆಯದಾಗಿ ತಂತಿಗಳು. ಮೋಟಾರು ತಿರುಗದೆ ನಡುಗುತ್ತಿದ್ದರೆ ಒಂದು ಸುರುಳಿಗೆ ವಿದ್ಯುತ್ ತಲಪುತ್ತಿಲ್ಲ, ಅಥವಾ ಜೋಡಿಗಳು ಅದಲುಬದಲಾಗಿವೆ. ಬಿಡಿಸಿಟ್ಟ ಮೋಟಾರಿನ ನಾಲ್ಕು ತಂತಿಗಳಲ್ಲಿ ಎರಡನ್ನು ಒಟ್ಟಿಗೆ ತಾಗಿಸಿ ಅಚ್ಚನ್ನು ಬೆರಳಿನಿಂದ ತಿರುಗಿಸಬೇಕು. ಬಿಗಿಯೆನಿಸಿದರೆ ಆ ಎರಡೂ ಒಂದೇ ಸುರುಳಿಯವು. ಯಾವುದೇ ಕಾರಣಕ್ಕೂ ವಿದ್ಯುತ್ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಕೀಳಬಾರದು. ಸ್ವಪ್ರೇರಣೆಯಿಂದ ಆ ಕ್ಷಣದಲ್ಲಿ ಏಳುವ ವೋಲ್ಟೇಜು ಡ್ರೈವರನ್ನು ಕೆಡಿಸಬಲ್ಲದು.

ಮೂರನೆಯದು ಉಷ್ಣ. ಸ್ಟೆಪ್ಪರ್ ಮೋಟಾರಿನಲ್ಲಿ ನಿಂತಾಗಲೂ ಪ್ರವಾಹ ಹರಿಯುವುದರಿಂದ ಅದು ಬಿಸಿಯಾಗುವುದು ಸಹಜ. ಆದರೆ ಹತ್ತು ಹದಿನೈದು ಮಿನಿಟು ಚೆನ್ನಾಗಿ ಓಡಿ, ಅನಂತರ ಬಿಟ್ಟು ಬಿಟ್ಟು ತಡೆದು, ಆರಿದ ಮೇಲೆ ಮತ್ತೆ ಸರಿಹೋದರೆ ಡ್ರೈವರಿನ ಮೇಲೆ ಸಂದೇಹ ಪಡಬೇಕು. ಎ೪೯೮೮ ಎಂಬ ಪ್ರಸಿದ್ಧ ಡ್ರೈವರು ಒಳಗೆ ಸುಮಾರು ೧೬೫ ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಇಲ್ಲಿ ಪ್ರವಾಹವನ್ನು ಹೆಚ್ಚಿಸಿದರೆ ರೋಗ ಉಲ್ಬಣಿಸುತ್ತದೆ. ತಗ್ಗಿಸಿ, ಫ್ಯಾನಿನ ಗಾಳಿ ಬೀಸಿದರೆ ವಾಸಿಯಾಗುತ್ತದೆ.

ಇವೆಲ್ಲ ಸರಿಯಿದ್ದರೆ ಸಂಖ್ಯೆಗಳ ಕಡೆಗೆ ತಿರುಗಬೇಕು. ಜಿಆರ್‌ಬಿಎಲ್‌ನಲ್ಲಿ ಡಾಲರ್ ಚಿಹ್ನೆಯ ೧೧೦, ೧೧೧, ೧೧೨ನೆಯ ಅಂಕಗಳು ಮೂರು ದಿಕ್ಕುಗಳ ಗರಿಷ್ಠ ವೇಗವನ್ನೂ ೧೨೦, ೧೨೧, ೧೨೨ನೆಯವು ವೇಗೋತ್ಕರ್ಷವನ್ನೂ ಗೊತ್ತುಪಡಿಸುತ್ತವೆ. ಮೊದಲು ವೇಗವನ್ನು ಮಾತ್ರ ಅರ್ಧಕ್ಕೆ ಇಳಿಸಿ ಗೇಜಿನ ಪರೀಕ್ಷೆಯನ್ನು ಪುನಃ ಮಾಡಬೇಕು. ಗುಣ ಕಂಡರೆ ದೋಷ ವೇಗದ್ದು. ಕಾಣದಿದ್ದರೆ ವೇಗವನ್ನು ಹಿಂದಿನಂತೆಯೇ ಇಟ್ಟು ವೇಗೋತ್ಕರ್ಷವನ್ನು ಅರ್ಧಕ್ಕಿಳಿಸಿ ನೋಡಬೇಕು. ಎರಡನ್ನೂ ಒಟ್ಟಿಗೆ ಇಳಿಸಿದರೆ ಯಂತ್ರ ಓಡಬಹುದು, ಆದರೆ ನಮಗೆ ತಿಳಿವಳಿಕೆ ಬಾರದು. ಪ್ರತಿಯೊಂದು ಅಳತೆಯನ್ನೂ ಪುಸ್ತಕದಲ್ಲಿ ಬರೆದಿಡುವುದು ಮೇಲು. ತಡೆಯುವ ವೇಗ ಯಾವುದೆಂದು ಗೊತ್ತಾದ ಮೇಲೆ ಅದರ ಮೂರರಲ್ಲಿ ಎರಡು ಪಾಲನ್ನು ಮಾತ್ರ ಬಳಸಿದರೆ, ಬೇಸಗೆಯ ಸೆಕೆಗೂ ತಿರುಪಿನ ಧೂಳಿಗೂ ಅವಕಾಶ ಉಳಿಯುತ್ತದೆ. ಗಾಳಿಯಲ್ಲಿ ಎಂದೂ ತಪ್ಪದೆ ಮರದಲ್ಲಿ ಮಾತ್ರ ತಪ್ಪುವ ಯಂತ್ರಕ್ಕೆ ಹೊಸ ಬಿಟ್ಟನ್ನು ಹಾಕಿ, ಒಂದು ಸಲಕ್ಕೆ ಕೊರೆಯುವ ಆಳವನ್ನು ಕಡಮೆ ಮಾಡಬೇಕು.

ತಾನು ಎಷ್ಟು ತಿರುಗಿದೆನೆಂದು ಅಳೆದುಕೊಂಡು ತಿದ್ದಿಕೊಳ್ಳುವ ಸ್ಟೆಪ್ಪರ್ ಮೋಟಾರುಗಳೂ ಈಗ ದೊರೆಯುತ್ತವೆ. ಆದರೆ ಅವು ಬೆಲೆಯಲ್ಲಿ ಹೆಚ್ಚು. ಬಿಗಿದ ನಟ್ಟನ್ನು ಅವೂ ಸಡಿಲಿಸಲಾರವು. ನಮ್ಮ ವಿದ್ಯಾರ್ಥಿಯ ಹಲಗೆ ಸರಿದದ್ದು ೩.೨ ಮಿ.ಮೀ. ಎಂದು ಗೇಜು ತೋರಿಸಿತೆನ್ನೋಣ. ಅದನ್ನು ೦.೧೬ರಿಂದ ಭಾಗಿಸಿದರೆ ಸರಿಯಾಗಿ ೨೦ ಹಲ್ಲುಗಳು. ಸರಿದದ್ದು ಎರಡು ಅಕ್ಷರಗಳ ನಡುವಣ ಓಟದಲ್ಲಿ, ಯಂತ್ರ ತಿರುಪಿನದು, ವಿದ್ಯುತ್ ೧೨ ವೋಲ್ಟಿನದು. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಹುಡುಗನು ಡ್ರೈವರಿನ ತಿರುಪುಳಿಯನ್ನು ಮುಟ್ಟುವ ಮೊದಲು ವೇಗದ ಅಂಕವನ್ನು ಅರ್ಧಕ್ಕಿಳಿಸಿ ನೋಡುತ್ತಾನೆ. ಎರಡನೆಯ ಹಲಗೆಯನ್ನು ಅವನು ಯಂತ್ರಕ್ಕೆ ಬಿಗಿಯುವುದು ಗೇಜಿನ ಮುಳ್ಳು ಐವತ್ತು ಓಟಗಳ ಬಳಿಕವೂ ಸೊನ್ನೆಗೇ ಮರಳಿದ ಮೇಲೆ.